ಒಂದೇ ಫೋನು, ನಲವತ್ತು ಕಾರ್ಡು: ತಂತ್ರಜ್ಞಾನ ಬಳಸಿ ಮಕ್ಕಳಿಗೆ ಕಲಿಯುವ ಆಸೆ ಹತ್ತಿಸುವುದು ಹೇಗೆ

ನಮ್ಮ ಶಾಲೆಗೆ ಪ್ರೊಜೆಕ್ಟರ್ ಬಂದ ದಿನ ಒಂಬತ್ತನೇ ತರಗತಿಯವರು ಬಿಸಿಯೂಟದ ಬೆಲ್ ಹೊಡೆದರೂ ಎದ್ದಿರಲಿಲ್ಲ. ಕೋಶ ವಿಭಜನೆಯ ವಿಡಿಯೋ ಹಾಕಿದ್ದೆ. ಬಾಯಿ ಬಿಟ್ಟುಕೊಂಡು ನೋಡಿದರು. ಇನ್ನು ನನ್ನ ಗಂಟಲು ಉಳಿಯಿತು ಅಂದುಕೊಂಡೆ. ಮೂರನೇ ವಾರಕ್ಕೆ ನೋಡಿದರೆ, ಕಿಟಕಿ ಮುಚ್ಚಿ ಲೈಟ್ ಆರಿಸಿದ ಕೂಡಲೇ ಹಿಂದಿನ ಬೆಂಚಿನ ಇಬ್ಬರು ತಲೆಯನ್ನು ಡೆಸ್ಕಿಗೆ ಕೊಟ್ಟು ಮಲಗಿದ್ದರು, ಮುಂದಿನ ಬೆಂಚಿನವರು ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. ಕಿರುಪರೀಕ್ಷೆಯಲ್ಲಿ ಹಿಂದಿನ ವರ್ಷಕ್ಕಿಂತ ಏನೂ ಬದಲಾಗಿರಲಿಲ್ಲ.

ತಪ್ಪು ಪ್ರೊಜೆಕ್ಟರ್‌ದಲ್ಲ. ಮೊದಲು ನಾನು ಮಾತಾಡುತ್ತಿದ್ದೆ, ಮಕ್ಕಳು ಕೇಳುತ್ತಿದ್ದರು. ಈಗ ಗೋಡೆ ಮಾತಾಡುತ್ತಿತ್ತು, ಮಕ್ಕಳು ಕೇಳುತ್ತಿದ್ದರು. ಅಷ್ಟೇ ವ್ಯತ್ಯಾಸ. ಹೊಸ ಯಂತ್ರದ ಮೋಹ ಎರಡು ಮೂರು ವಾರಕ್ಕೆ ಇಳಿಯುತ್ತದೆ. ಇಳಿಯದೆ ಉಳಿಯುವುದು ಬೇರೆ ಒಂದಿದೆ: "ನಾನು ಹೇಳಿದ್ದು ಲೆಕ್ಕಕ್ಕೆ ಬಂತು" ಅಂತ ಪ್ರತಿಯೊಬ್ಬ ಮಗುವಿಗೂ ಅನ್ನಿಸುವುದು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಕೈ ಎತ್ತುವವರು ಅದೇ ಐದಾರು ಜನ. ಉಳಿದವರು ಏನು ಅಂದುಕೊಂಡಿದ್ದಾರೆ ಅನ್ನುವುದು ಎಷ್ಟೋ ಸಲ ಪರೀಕ್ಷೆವರೆಗೆ ನಮಗೆ ಗೊತ್ತೇ ಆಗುವುದಿಲ್ಲ. ಉಪಕರಣ ಯಾವುದೇ ಇರಲಿ, ಆ ಉಳಿದ ಮೂವತ್ತೈದು ಜನರ ಉತ್ತರ ಹೊರಗೆ ತರುತ್ತದಾ ಅಂತ ನೋಡಿ ಆರಿಸಿ. ಕೆಳಗಿನದ್ದೆಲ್ಲ ಸರ್ಕಾರಿ ಹೈಸ್ಕೂಲಿನಲ್ಲಿ, ಕರೆಂಟ್ ಹೋಗುವ ಊರಿನಲ್ಲಿ, ಒಂದು ಸಾಧಾರಣ ಫೋನಿನಿಂದ ಮಾಡಿ ನೋಡಿದ್ದು. ನಾನು ವಿಜ್ಞಾನದವಳು, ಹಾಗಾಗಿ ಉದಾಹರಣೆಗಳು ಆ ಕಡೆಯವೇ ಜಾಸ್ತಿ.

ಮೊದಲು, ಏನಿದೆ ಏನಿಲ್ಲ ನೋಡಿಕೊಳ್ಳಿ

ಒಂದು ವಾರ ಸುಮ್ನೆ ಒಂದು ಪಟ್ಟಿ ಮಾಡಿ. ಕರೆಂಟ್ ಯಾವ ಹೊತ್ತಿಗೆ ಹೋಗುತ್ತದೆ? ಯುಪಿಎಸ್ ಬ್ಯಾಟರಿ ನಿಜವಾಗಿ ಎಷ್ಟು ನಿಮಿಷ ತಡೆಯುತ್ತದೆ? ಕ್ಲಾಸ್ ರೂಮಿನ ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ? ಪ್ರೊಜೆಕ್ಟರ್ ಇದ್ದರೆ ಎಚ್‌ಡಿಎಂಐ ಕೇಬಲ್ ಎಲ್ಲಿದೆ, ಆ ಬೀರುವಿನ ಕೀ ಯಾರ ಹತ್ತಿರ ಇದೆ? ನಗಬೇಡಿ. ನಮ್ಮಲ್ಲಿ ಅರ್ಧ ಪೀರಿಯಡ್ ಹಾಳಾಗುತ್ತಿದ್ದದ್ದು ಆ ಕೀ ಹುಡುಕುವುದರಲ್ಲೇ.

ಇನ್ನೊಂದು ನಿಯಮ. ಬೇಕಾದ ವಿಡಿಯೋ, ಚಿತ್ರ, ಸಿಮ್ಯುಲೇಶನ್ (ಪರದೆ ಮೇಲೆ ನಾವೇ ಬದಲಿಸಿ ನೋಡಬಹುದಾದ ಪ್ರಯೋಗ) ಎಲ್ಲವನ್ನೂ ಹಿಂದಿನ ರಾತ್ರಿಯೇ ಮನೆಯಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಕ್ಲಾಸಿನಲ್ಲಿ ನಿಂತು ಬಫರ್ ಆಗುವ ಚಕ್ರ ತೋರಿಸಿದರೆ ಮಕ್ಕಳು ಕಲಿಯುವುದು ಒಂದೇ, ಗಲಾಟೆ. 2017ರಲ್ಲಿ ಶುರುವಾದ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ ಆ್ಯಪ್‌ನಲ್ಲೂ ಪಾಠಗಳನ್ನು ಇಳಿಸಿಟ್ಟುಕೊಂಡು ಆಫ್‌ಲೈನ್ ತೋರಿಸಬಹುದು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅಲ್ಲಿಗೇ ಹೋಗುತ್ತದೆ. ಆದರೆ ತೋರಿಸುವ ಮೊದಲು ನೀವು ಪೂರ್ತಿ ನೋಡಿ. ಕೆಲವು ಚೆನ್ನಾಗಿವೆ, ಕೆಲವು ಪುಸ್ತಕದ ಸಾಲನ್ನೇ ಯಾರೋ ಓದಿದಂತಿವೆ.

ಎರಡನೆಯದು, ಕಾರ್ಡು

ಇಡೀ ಬರಹದಲ್ಲಿ ಒಂದನ್ನೇ ಮಾಡಿ ನೋಡುತ್ತೇನೆ ಅನ್ನುವವರು ಇದನ್ನೇ ಮಾಡಿ. ಪ್ಲಿಕರ್ಸ್ ಅಂತ ಒಂದು ಆ್ಯಪ್ ಇದೆ. ಮಕ್ಕಳ ಕೈಯಲ್ಲಿ ಫೋನ್ ಬೇಡ, ಕಾಗದದ ಕಾರ್ಡ್ ಸಾಕು. ಫೋನ್ ಬೇಕಾದದ್ದು ನಿಮಗೆ ಮಾತ್ರ. ಪ್ರತಿ ಕಾರ್ಡಿನ ಮೇಲೂ ಕಪ್ಪು ಚೌಕಗಳ ಒಂದು ಆಕಾರ ಇರುತ್ತದೆ, ನೋಡಲು ಕ್ಯೂಆರ್ ಕೋಡಿನ ತಮ್ಮನಂತೆ. ನಾಲ್ಕು ಬದಿಗೂ ಚಿಕ್ಕದಾಗಿ ಎ, ಬಿ, ಸಿ, ಡಿ ಬರೆದಿರುತ್ತದೆ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡ್ ತಿರುಗಿಸಿ ಎತ್ತಿ ಹಿಡಿಯುತ್ತದೆ. ನೀವು ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ತಿರುಗಿಸಿದರೆ ಎಲ್ಲರ ಉತ್ತರ ದಾಖಲಾಗುತ್ತದೆ.

ತಯಾರಿ ಹೀಗೆ. ಪ್ಲಿಕರ್ಸ್ ವೆಬ್‌ಸೈಟಿನಲ್ಲಿ ಉಚಿತ ಖಾತೆ ತೆರೆಯಿರಿ. ಒಂದು ಕ್ಲಾಸ್ ಮಾಡಿ, ಮಕ್ಕಳನ್ನು ಸೇರಿಸಿ. ಹೆಸರಿನ ಬದಲು ರೋಲ್ ನಂಬರ್ ಹಾಕಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಕಾರ್ಡಿನ ನಂಬರೂ ರೋಲ್ ನಂಬರೂ ಒಂದೇ ಇದ್ದರೆ ತಲೆನೋವು ಇಲ್ಲ. 40 ಕಾರ್ಡಿನ ಪಿಡಿಎಫ್ ಅಲ್ಲೇ ಸಿಗುತ್ತದೆ, ಒಂದು ಹಾಳೆಗೆ ಎರಡರಂತೆ 20 ಎ4 ಹಾಳೆ. ಮಕ್ಕಳು ಜಾಸ್ತಿ ಇದ್ದರೆ 63ರ ಸೆಟ್ಟೂ ಇದೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ನಾನು ಮಾಡಿಸಿ ಕೆಟ್ಟೆ. ಕಿಟಕಿಯ ಬೆಳಕು ಆ ಹೊಳಪಿಗೆ ಬಿದ್ದು ಕ್ಯಾಮೆರಾಗೆ ಏನೂ ಕಾಣಲಿಲ್ಲ, ನಲವತ್ತು ಕಾರ್ಡಿನ ದುಡ್ಡು ಹೋಯಿತು. ಹಳೇ ನೋಟ್‌ಬುಕ್ಕಿನ ರಟ್ಟಿಗೆ ಗೋಂದು ಹಾಕಿ ಅಂಟಿಸಿದರೆ ವರ್ಷವಿಡೀ ಬರುತ್ತದೆ. ಅಂಟಿಸುವ ಕೆಲಸ ಮಕ್ಕಳಿಗೇ ಕೊಡಿ. ಹಿಂದೆ ಅವರವರ ಹೆಸರು ಬರೆದುಕೊಳ್ಳಲಿ, ಹೂವೋ ಕ್ರಿಕೆಟ್ ಬ್ಯಾಟೋ ಏನು ಬೇಕಾದರೂ ಬಿಡಿಸಿಕೊಳ್ಳಲಿ. ಮುಂದಿನ ಕಪ್ಪು ಆಕಾರದ ಮೇಲೆ ಗೀಚಬಾರದು, ಬೆರಳು ಅಡ್ಡ ಬರಬಾರದು, ಇವೆರಡು ಮಾತ್ರ ಗಟ್ಟಿಯಾಗಿ ಹೇಳಿ.

ಪ್ರಶ್ನೆ ಟೈಪ್ ಮಾಡುವಾಗ ಒಂದು ಎಚ್ಚರಿಕೆ. ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲಿನಿಂದ ಕಾಪಿ ಮಾಡಿ ಅಂಟಿಸಿದರೆ ಕನ್ನಡವೆಲ್ಲ ಕಾಗೆ ಕಾಲು ಗುಬ್ಬಿ ಕಾಲು ಆಗಿ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಅಕ್ಷರಕ್ಕೆ, ಬದಲಿಸಿಕೊಳ್ಳಿ, ಇಲ್ಲವೇ ಫೋನಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿ, ಅದೇ ಟೈಪ್ ಮಾಡಿಕೊಳ್ಳುತ್ತದೆ. ಉಚಿತ ಖಾತೆಯಲ್ಲಿ ಒಂದು ಸೆಟ್ಟಿಗೆ ಕೆಲವೇ ಪ್ರಶ್ನೆ ಹಾಕಲು ಬಿಡುತ್ತಾರೆ. ಚಿಂತೆ ಇಲ್ಲ, ಒಂದು ಪೀರಿಯಡ್‌ಗೆ ಎರಡು ಮೂರು ಪ್ರಶ್ನೆಗಿಂತ ಜಾಸ್ತಿ ಕೇಳಲೂಬಾರದು.

ಪ್ರೊಜೆಕ್ಟರ್ ಇಲ್ಲದಿದ್ದರೆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯಿರಿ. ಎಷ್ಟೋ ದಿನ ನಾನು ಮಾಡುವುದೂ ಅದನ್ನೇ.

ಪ್ರಶ್ನೆ ಹೇಗಿರಬೇಕು

ಎಲ್ಲ ನಿಂತಿರುವುದು ಇದರ ಮೇಲೆ. "ನ್ಯೂಟನ್ನನ ಎರಡನೇ ನಿಯಮ ಯಾವುದು" ಅಂತ ಕೇಳಿದರೆ ಕಾರ್ಡ್ ಬಂದರೂ ಅಷ್ಟೇ, ಕಂಪ್ಯೂಟರ್ ಬಂದರೂ ಅಷ್ಟೇ. ಬಾಯಿಪಾಠ ಮಾಡಿದವರು ಸರಿ, ಮಾಡದವರು ತಪ್ಪು, ಮಾತಾಡುವುದಕ್ಕೆ ಏನೂ ಇಲ್ಲ. ಮಕ್ಕಳು ಧೈರ್ಯವಾಗಿ ತಪ್ಪು ಮಾಡುವ ಪ್ರಶ್ನೆ ಬೇಕು. ಕ್ಲಾಸು ಎರಡು ಪಕ್ಷ ಆಗುವಂಥದ್ದು.

ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ಇಂಥ ಪ್ರಶ್ನೆಗಳಲ್ಲೇ ಪಾಠ ಕಟ್ಟಿದರು. ದೊಡ್ಡ ದೊಡ್ಡ ಲೆಕ್ಕ ಬಿಡಿಸುವ ತಮ್ಮ ವಿದ್ಯಾರ್ಥಿಗಳು ಬಲದ ಬಗ್ಗೆ ಸರಳ ಪ್ರಶ್ನೆ ಕೇಳಿದರೆ ಎಡವುತ್ತಿದ್ದಾರೆ ಅಂತ ಅವರಿಗೆ ಗೊತ್ತಾಗಿತ್ತು. ಅವರ ಕ್ರಮ ಸುಲಭ: ಪ್ರಶ್ನೆ ಕೇಳು, ಪ್ರತಿಯೊಬ್ಬರೂ ತಾವೇ ಯೋಚಿಸಿ ಉತ್ತರ ಹೇಳಲಿ, ಪಕ್ಕದವರ ಜೊತೆ ವಾದ ಮಾಡಲಿ, ಮತ್ತೆ ಉತ್ತರ ಹೇಳಲಿ. ಹಾರ್ವರ್ಡ್‌ನಲ್ಲೂ ಹೀಗಾದರೆ ನಮ್ಮೂರಿನ ಒಂಬತ್ತನೇ ಕ್ಲಾಸಿನ ಬಗ್ಗೆ ನಾವು ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅಂತ ನನಗೆ ಸ್ವಲ್ಪ ಸಮಾಧಾನವೂ ಆಗಿತ್ತು.

ನನ್ನ ಕ್ಲಾಸಿನಲ್ಲಿ ಅತಿ ಹೆಚ್ಚು ಜಗಳ ಹಚ್ಚಿದ ಪ್ರಶ್ನೆ ಇದು. ಒಂದು ಕಲ್ಲನ್ನು ನೇರ ಮೇಲಕ್ಕೆ ಎಸೆದಿದ್ದೀರಿ. ತುತ್ತತುದಿ ಮುಟ್ಟಿದ ಆ ಕ್ಷಣದಲ್ಲಿ ಅದರ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಎಷ್ಟು? ಎ, ಸೊನ್ನೆ. ಬಿ, ಕೆಳಮುಖವಾಗಿ 9.8. ಸಿ, ಮೇಲ್ಮುಖವಾಗಿ 9.8. ಡಿ, ಕಲ್ಲಿನ ತೂಕ ಗೊತ್ತಿಲ್ಲದೆ ಹೇಳಲಾಗದು. (ಮೀಟರ್, ಸೆಕೆಂಡ್ ಎಲ್ಲ ಬೋರ್ಡ್ ಮೇಲೆ ಸರಿಯಾಗಿ ಬರೆಯಿರಿ, ಇಲ್ಲಿ ಬಿಟ್ಟಿದ್ದೇನೆ.) ಮೊದಲ ಸಲ ಸ್ಕ್ಯಾನ್ ಮಾಡಿದಾಗ ಮುಕ್ಕಾಲು ಪಾಲು ಕಾರ್ಡ್ ಎ. ನಾನು ಮುಖದಲ್ಲಿ ಏನೂ ತೋರಿಸಲಿಲ್ಲ. "ಪಕ್ಕದವರ ಉತ್ತರ ಬೇರೆ ಇದ್ದರೆ ಒಪ್ಪಿಸಿ, ಎರಡು ನಿಮಿಷ" ಅಂದೆ.

"ಅಲ್ಲಿ ನಿಂತೇ ಬಿಡ್ತದಲ್ಲ, ನಿಂತ ಮೇಲೆ ಎಲ್ಲಾ ಸೊನ್ನೆನೇ ತಾನೆ?" ಅಂದ ಒಬ್ಬ.

ಕಿಟಕಿ ಪಕ್ಕದ ಹುಡುಗಿ, ಅಲ್ಲಿವರೆಗೆ ವರ್ಷದಲ್ಲಿ ಒಂದು ಸಲವೂ ಕೈ ಎತ್ತದವಳು, ಅವನ ಕಡೆ ತಿರುಗಿ ಹೇಳಿದಳು: "ಸೊನ್ನೆ ಆಗಿದ್ರೆ ಕಲ್ಲು ಅಲ್ಲೇ ನೇತಾಡ್ಕೊಂಡು ಇರ್ಬೇಕಿತ್ತು ಕಣೋ. ಕೆಳಗೆ ಯಾಕೆ ಬರುತ್ತೆ?"

ಆ ಸಾಲು ಬೆಂಚಿನಿಂದ ಬೆಂಚಿಗೆ ಹೋಯಿತು. ಎರಡನೇ ಸ್ಕ್ಯಾನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಾರ್ಡ್ ಬಿ ಆಗಿದ್ದವು. ನಾನು ಇದನ್ನೇ ಹತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆದು ಹೇಳುತ್ತಾ ಬಂದಿದ್ದೆ, ಅವಳಷ್ಟು ಚೆನ್ನಾಗಿ ಒಂದು ಸಲವೂ ಹೇಳಿರಲಿಲ್ಲ.

ಮಾಡುವ ಕ್ರಮ ಒಂದು ಸಲ ಜೋಡಿಸಿ ಹೇಳಿಬಿಡುತ್ತೇನೆ. ಪ್ರಶ್ನೆ ಓದಿ, ಒಂದು ನಿಮಿಷ ಯಾರೂ ಮಾತಾಡದೆ ಯೋಚಿಸಲಿ. ಸ್ಕ್ಯಾನ್ ಮಾಡಿ. ಫಲಿತಾಂಶದ ಕಂಬನಕ್ಷೆಯನ್ನು ಈಗಲೇ ತೋರಿಸಬೇಡಿ, ತೋರಿಸಿದರೆ ಎಲ್ಲರೂ ಎತ್ತರದ ಕಂಬದ ಕಡೆ ವಾಲುತ್ತಾರೆ. ಹತ್ತರಲ್ಲಿ ಏಳಕ್ಕಿಂತ ಜಾಸ್ತಿ ಜನ ಸರಿ ಇದ್ದರೆ ಎರಡು ಮಾತು ಹೇಳಿ ಮುಂದೆ ಹೋಗಿ. ಮೂರಕ್ಕಿಂತ ಕಡಿಮೆ ಇದ್ದರೆ ವಾದಕ್ಕೆ ಬಿಟ್ಟು ಸಾಮಾನ್ಯವಾಗಿ ಪ್ರಯೋಜನ ಇಲ್ಲ, ಪಾಠವೇ ಇನ್ನೊಂದು ಸಲ ಆಗಬೇಕು. ನಡುವೆ ಇದ್ದರೆ ಅದೇ ಹಬ್ಬ, ವಾದಕ್ಕೆ ಬಿಡಿ. ನನ್ನ ಕಲ್ಲಿನ ಪ್ರಶ್ನೆ ಆ ಲೆಕ್ಕದಲ್ಲಿ ಗಡಿಯ ಆಚೆಗೇ ಇತ್ತು, ಆದರೂ ಬಿಟ್ಟೆ, ಆ ಹುಡುಗಿ ನನ್ನನ್ನು ಉಳಿಸಿದಳು. ಅದೇ ಪ್ರಶ್ನೆಯನ್ನು ಮೊದಲೇ ಆ್ಯಪಿನ ಪ್ರಶ್ನೆಗಳ ಸಾಲಿನಲ್ಲಿ ಎರಡು ಸಲ ಹಾಕಿಟ್ಟರೆ ಮತ್ತೆ ಸ್ಕ್ಯಾನ್ ಮಾಡುವುದು ಸಲೀಸು.

ತಪ್ಪು ಆಯ್ಕೆಗಳನ್ನು ಎಲ್ಲಿಂದ ತರುವುದು ಅಂತ ಕೇಳುತ್ತಾರೆ. ಹೋದ ವರ್ಷದ ಉತ್ತರ ಪತ್ರಿಕೆಗಳಿಂದ. ಮಕ್ಕಳು ನಿಜವಾಗಿ ಬರೆದ ತಪ್ಪುಗಳಷ್ಟು ಒಳ್ಳೆಯ ಆಯ್ಕೆ ಯಾರೂ ಕಲ್ಪಿಸಿ ಬರೆಯಲಾರರು. ಚಾಟ್‌ಜಿಪಿಟಿಯಂಥದ್ದನ್ನೂ ಕೇಳಿ ನೋಡಿದ್ದೇನೆ, ಪ್ರಶ್ನೆ ರಾಶಿ ರಾಶಿ ಕೊಡುತ್ತದೆ. ಕನ್ನಡದಲ್ಲಿ ಕೇಳಿದರೆ ನಮ್ಮ ಪಠ್ಯದಲ್ಲಿಲ್ಲದ ಪದ ಹಾಕುತ್ತದೆ, ಒಮ್ಮೊಮ್ಮೆ ಎರಡು ಉತ್ತರ ಸರಿ ಇರುವ ಪ್ರಶ್ನೆಯನ್ನೂ ಕೊಡುತ್ತದೆ. ಒಂದೊಂದನ್ನೂ ನೀವೇ ಬಿಡಿಸಿ ನೋಡದೆ ಕ್ಲಾಸಿಗೆ ತರಬೇಡಿ.

ಮೂರನೆಯದು, ಪ್ರೊಜೆಕ್ಟರನ್ನು ಎಬ್ಬಿಸುವುದು

ನಾನು ಪ್ರೊಜೆಕ್ಟರ್ ವಿರೋಧಿ ಅಲ್ಲ. ಎರಡು ಬದಲಾವಣೆ ಮಾಡಿಕೊಂಡೆ. ಒಂದು, ಕಿಟಕಿ ಪೂರ್ತಿ ಮುಚ್ಚುವುದಿಲ್ಲ. ಪರದೆಯ ಹತ್ತಿರದ್ದು ಮಾತ್ರ ಮುಚ್ಚಿ, ಹಿಂದಿನವು ತೆರೆದಿರಲಿ. ಚಿತ್ರ ಸ್ವಲ್ಪ ಮಂಕಾಗುತ್ತದೆ, ಮಕ್ಕಳು ಮಂಕಾಗುವುದಿಲ್ಲ. ಎರಡು, ಯಾವ ವಿಡಿಯೋ ಆದರೂ ಮೂರು ನಾಲ್ಕು ನಿಮಿಷ ಅಷ್ಟೇ, ಅದೂ ಫಲಿತಾಂಶ ಬರುವ ಒಂದು ಸೆಕೆಂಡ್ ಮೊದಲು ನಿಲ್ಲಿಸಿ "ಮುಂದೇನಾಗುತ್ತದೆ?" ಅಂತ ಕಾರ್ಡ್ ಎತ್ತಿಸುವುದು. ತಾನು ಒಂದು ಕಡೆ ಪಣ ಕಟ್ಟಿದ ಮೇಲೆ ಯಾವ ಮಗುವೂ ನಿದ್ದೆ ಮಾಡುವುದಿಲ್ಲ. ಧ್ವನಿ ಬಂದ್ ಮಾಡಿ, ಪಾಠ ಆದ ಮೇಲೆ ಇಬ್ಬರನ್ನು ಕರೆದು ಕ್ರಿಕೆಟ್ ಕಾಮೆಂಟರಿ ತರ ವಿವರಣೆ ಕೊಡಿಸಿ ನೋಡಿ. ಎಲ್ಲಿ ಅರ್ಥವಾಗಿಲ್ಲವೋ ಅಲ್ಲಿ ಬಾಯಿ ತಡವರಿಸುತ್ತದೆ, ನಿಮಗೆ ತಕ್ಷಣ ಗೊತ್ತಾಗುತ್ತದೆ.

ವಿಡಿಯೋಗಿಂತ ಸಿಮ್ಯುಲೇಶನ್ ಮೇಲು. ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಯೋಜನೆಯವು ಉಚಿತ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಡೌನ್‌ಲೋಡ್ ಮಾಡಿಟ್ಟರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತವೆ, ಕೆಲವು ಕನ್ನಡದಲ್ಲೂ ಇವೆ. ಹತ್ತನೇ ತರಗತಿಯ ವಿದ್ಯುತ್ ಪಾಠಕ್ಕೆ ಅದರಲ್ಲಿರುವ ಮಂಡಲ ಕಟ್ಟುವ ಸಿಮ್ಯುಲೇಶನ್ ತೆಗೆದುಕೊಳ್ಳಿ. ಒಂದು ಬ್ಯಾಟರಿ, ಸರಣಿಯಲ್ಲಿ ಒಂದೇ ತರದ ಎರಡು ಬಲ್ಬ್. ಸ್ವಿಚ್ ಹಾಕುವ ಮೊದಲು ಕೇಳಿ, ಯಾವುದು ಜಾಸ್ತಿ ಬೆಳಗುತ್ತದೆ? "ಮೊದಲನೇದು ಮಿಸ್, ಅದು ಕರೆಂಟ್ ತಿಂದು ಮಿಕ್ಕಿದ್ದನ್ನ ಎರಡನೇದಕ್ಕೆ ಕೊಡುತ್ತೆ" ಅನ್ನುವವರು ಪ್ರತಿ ವರ್ಷ ಇರುತ್ತಾರೆ. ಊಟದ ಪಂಕ್ತಿಯ ತರ್ಕ. ಸ್ವಿಚ್ ಹಾಕಿದಾಗ ಎರಡೂ ಒಂದೇ ಸಮ ಬೆಳಗುತ್ತವೆ, ಎಲೆಕ್ಟ್ರಾನುಗಳು ಎಲ್ಲ ಕಡೆ ಒಂದೇ ವೇಗದಲ್ಲಿ ಸರಿಯುವುದೂ ಕಾಣುತ್ತದೆ. ಮೌಸ್ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಬೇಡಿ. ಒಬ್ಬ ಹುಡುಗನನ್ನು ಕರೆದು ಕೊಡಿ, ಅವನು ಖಂಡಿತ ಶಾರ್ಟ್ ಸರ್ಕ್ಯೂಟ್ ಮಾಡುತ್ತಾನೆ, ಪರದೆ ಮೇಲೆ ಬ್ಯಾಟರಿಗೆ ಬೆಂಕಿ ಹತ್ತುತ್ತದೆ, ಇಡೀ ಕ್ಲಾಸು ಹೋ ಅನ್ನುತ್ತದೆ. ಆ ಹೋ ಮುಗಿದ ಕೂಡಲೇ "ಯಾಕೆ ಹತ್ತಿತು?" ಅಂತ ಕೇಳಿ.

ನಾಲ್ಕನೆಯದು, ಫೋನೇ ಅಳತೆಗೋಲು

ಫೋನಿನಲ್ಲಿ ಮೈಕ್, ಬೆಳಕಿನ ಸೆನ್ಸರ್, ವೇಗೋತ್ಕರ್ಷ ಅಳೆಯುವ ಸೆನ್ಸರ್ ಇವೆ. ಲ್ಯಾಬಿನಲ್ಲಿ ಇಲ್ಲದ ಉಪಕರಣ ನಮ್ಮ ಜೇಬಿನಲ್ಲಿದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಇವನ್ನೆಲ್ಲ ಬಳಸಲು ಬಿಡುತ್ತದೆ, ಇಂಟರ್‌ನೆಟ್ ಬೇಡ.

ಶಬ್ದದ ವೇಗ ಅಳೆಯುವ ಪ್ರಯೋಗದಿಂದ ಶುರು ಮಾಡಿ. ಎರಡು ಫೋನ್ ಬೇಕು, ನಿಮ್ಮದೊಂದು, ಸಹೋದ್ಯೋಗಿಯದೊಂದು. ಎರಡರಲ್ಲೂ ಆ್ಯಪಿನ ಶಬ್ದದ ಸ್ಟಾಪ್‌ವಾಚ್ ತೆರೆಯಿರಿ. ಇದು ಒಂದು ಸದ್ದಿಗೆ ಶುರುವಾಗಿ ಮುಂದಿನ ಸದ್ದಿಗೆ ನಿಲ್ಲುತ್ತದೆ. ಮೈದಾನದಲ್ಲಿ ಟೇಪ್ ಹಿಡಿದು ಸರಿಯಾಗಿ 10 ಮೀಟರ್ ಅಳೆದು ಆ ತುದಿಗೊಂದು ಈ ತುದಿಗೊಂದು ಫೋನ್ ಇಡಿ. ಒಂದನೇ ಫೋನಿನ ಪಕ್ಕದಲ್ಲಿ ಒಬ್ಬಳು ಜೋರಾಗಿ ಚಪ್ಪಾಳೆ ತಟ್ಟಲಿ. ಎರಡು ಸೆಕೆಂಡ್ ಬಿಟ್ಟು ಎರಡನೇ ಫೋನಿನ ಪಕ್ಕದಲ್ಲಿ ಇನ್ನೊಬ್ಬ ತಟ್ಟಲಿ. ಈಗ ಎರಡು ಫೋನುಗಳ ಸಮಯ ನೋಡಿ, ಒಂದೇ ಇರುವುದಿಲ್ಲ.

ಯಾಕೆ? ಮೊದಲ ಚಪ್ಪಾಳೆ ಒಂದನೇ ಫೋನಿಗೆ ತಕ್ಷಣ ಕೇಳಿತು, ಎರಡನೆಯದಕ್ಕೆ 10 ಮೀಟರ್ ದಾಟಿ ತಡವಾಗಿ ಕೇಳಿತು. ಹಾಗಾಗಿ ಎರಡನೆಯದು ತಡವಾಗಿ ಶುರುವಾಯಿತು. ಎರಡನೇ ಚಪ್ಪಾಳೆಗೆ ಅದು ತಕ್ಷಣ ನಿಂತಿತು, ಒಂದನೆಯದು ತಡವಾಗಿ ನಿಂತಿತು. ಅಂದರೆ ಒಟ್ಟು ವ್ಯತ್ಯಾಸ ಶಬ್ದ 20 ಮೀಟರ್ ಹೋಗಲು ಹಿಡಿಯುವ ಹೊತ್ತು. ಒಂದನೆಯದು 2.143 ಸೆಕೆಂಡ್, ಎರಡನೆಯದು 2.085 ಸೆಕೆಂಡ್ ತೋರಿಸಿದರೆ ವ್ಯತ್ಯಾಸ 0.058. 20ನ್ನು 0.058ರಿಂದ ಭಾಗಿಸಿ, ಸೆಕೆಂಡಿಗೆ ಸುಮಾರು 345 ಮೀಟರ್. ಪುಸ್ತಕದಲ್ಲಿರುವ ಸಂಖ್ಯೆಯ ಪಕ್ಕದಲ್ಲೇ.

ಮೊದಲ ಪ್ರಯತ್ನ ಕೆಡುತ್ತದೆ, ಸಿದ್ಧರಾಗಿರಿ. ಕಾಗೆ ಕೂಗಿದರೂ ವಾಚ್ ಶುರುವಾಗಿಬಿಡುತ್ತದೆ. ಆ್ಯಪಿನಲ್ಲಿ ಎಷ್ಟು ಜೋರಿನ ಸದ್ದಿಗೆ ಎಚ್ಚರವಾಗಬೇಕು ಅನ್ನುವ ಸಂಖ್ಯೆ ಇದೆ, ಅದನ್ನು ಸ್ವಲ್ಪ ಏರಿಸಿ. ಒಂದೇ ಚಪ್ಪಾಳೆಗೆ ಶುರುವಾಗಿ ಅದೇ ಚಪ್ಪಾಳೆಗೆ ನಿಂತರೆ ಕನಿಷ್ಠ ಅಂತರವನ್ನು ಅರ್ಧ ಸೆಕೆಂಡಿಗೆ ಹೆಚ್ಚಿಸಿ. ಕೈ ಚಪ್ಪಾಳೆ ಸಾಲದಿದ್ದರೆ ಎರಡು ಮರದ ತುಂಡು. ಐದು ಗುಂಪು ಮಾಡಿ, ಐದು ಉತ್ತರ ಬೋರ್ಡ್ ಮೇಲೆ ಬರೆಸಿ. 310 ಬಂದವರು 345 ಬಂದವರ ಟೇಪನ್ನು ಹೋಗಿ ಪರೀಕ್ಷಿಸುತ್ತಾರೆ. ಹೇಳಿಕೊಡುವುದೇ ಬೇಡ.

ಐದನೆಯದು, ಮಳೆ ಲೆಕ್ಕ

ಇದು ಒಂದು ಪೀರಿಯಡ್‌ನ ಕೆಲಸ ಅಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಎಳೆಯಬಹುದಾದದ್ದು. ಪಕ್ಕ ನೆಟ್ಟಗಿರುವ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ತಲೆಕೆಳಗಾಗಿ ಅದಕ್ಕೇ ಲಾಳಿಕೆಯಂತೆ ಕೂರಿಸಿ. ತಳ ಉಬ್ಬುತಗ್ಗಿರುತ್ತದೆ, ಕಲ್ಲು ಹಾಕಿ ನೇರ ಭಾಗದವರೆಗೆ ನೀರು ತುಂಬಿ, ಅಲ್ಲಿಗೆ ಸೊನ್ನೆ ಗುರುತು ಮಾಡಿ. ಅಲ್ಲಿಂದ ಮೇಲೆ ಸ್ಕೇಲಿನ ಮಿಲಿಮೀಟರ್. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಇಬ್ಬರು ಅಳೆದು ಬರೆಯಬೇಕು, ಅಳೆದ ಮೇಲೆ ನೀರನ್ನು ಮತ್ತೆ ಸೊನ್ನೆಗೆ ತರಬೇಕು.

ತಂತ್ರಜ್ಞಾನ ಎಲ್ಲಿ ಬಂತು ಅಂತೀರಾ? ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ, ಅಂಕಿ ಅಂಶ ಆನ್‌ಲೈನ್‌ನಲ್ಲಿ ಹಾಕುತ್ತದೆ. ನಮ್ಮ ಬಾಟಲಿಯ ಸಂಖ್ಯೆ ಒಂದು ಕಾಲಂ, ಅವರದ್ದು ಇನ್ನೊಂದು ಕಾಲಂ. ಲಿಬ್ರೆಆಫೀಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ನಕ್ಷೆ ಮಾಡಿಸಿ. ಎರಡು ಗೆರೆ ಎಲ್ಲಿ ದೂರ ಹೋಗುತ್ತವೋ ಅಲ್ಲಿ ಮಕ್ಕಳು ಎದ್ದು ನಿಲ್ಲುತ್ತಾರೆ: "ಮಿಸ್, ಅವತ್ತು ನಮ್ಮ ಕಡೆ ಮಾತ್ರ ಹೊಡೀತು, ಪಂಚಾಯ್ತಿ ಕಡೆ ಬರಲೇ ಇಲ್ಲ." ಸರ್ಕಾರದ ಯಂತ್ರದ ಜೊತೆ ತಮ್ಮ ಬಾಟಲಿ ವಾದ ಮಾಡುತ್ತಿದೆ ಅನ್ನುವುದೇ ಅವರಿಗೆ ದೊಡ್ಡ ಖುಷಿ.

ಜೊತೆಗೆ ಮನೆಯ ಅಜ್ಜ ಅಜ್ಜಿಯರ ಮಾತು ರೆಕಾರ್ಡ್ ಮಾಡಿಸಿ, ಎರಡೇ ನಿಮಿಷ. ಯಾವ ಮಳೆಗೆ ಏನು ಬಿತ್ತುತ್ತಿದ್ದರು, ಈಗೇನಾಗಿದೆ. "ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ" ಅನ್ನುವ ಗಾದೆ ಹತ್ತು ಮನೆಯಿಂದ ಬಂತು. ಆರಿದ್ರಾ ಮಳೆ ಜೂನ್ 21-22ರ ಸುಮಾರಿಗೆ ಹುಟ್ಟುತ್ತದೆ. ನಮ್ಮ ನಕ್ಷೆಯಲ್ಲಿ ಆ ಎರಡು ವಾರಕ್ಕೆ ಬಣ್ಣ ಬಳಿದೆವು. ಓದಲು ಬರೆಯಲು ಹಿಂದಿದ್ದ ಒಬ್ಬ ಹುಡುಗ ತನ್ನ ಅಜ್ಜಿಯ ರೆಕಾರ್ಡಿಂಗನ್ನು ಕ್ಲಾಸಿನಲ್ಲಿ ಹಾಕಿ, ಮಧ್ಯೆ ಮಧ್ಯೆ ನಿಲ್ಲಿಸಿ ಪದಗಳ ಅರ್ಥ ಹೇಳಿದ. ಆಮೇಲೆ ಅದನ್ನೇ ಫೋನಿಗೆ ಹೇಳಿ ಟೈಪ್ ಮಾಡಿಸಿ, ಯಂತ್ರ ಮಾಡಿದ ತಪ್ಪನ್ನು ತಾನೇ ತಿದ್ದಿದ. ಅವನು ಅರ್ಧ ಪುಟ ತಿದ್ದಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು.

ಗಣಿತದವರಿಗೂ ಇದರಲ್ಲಿ ಪಾಲಿದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಶಾಲೆಯ ಚಾವಣಿ 200 ಚದರ ಮೀಟರ್ ಇದ್ದು 20 ಮಿಲಿಮೀಟರ್ ಮಳೆ ಬಂದರೆ 4,000 ಲೀಟರ್. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಈ ಲೆಕ್ಕವನ್ನು ಮಕ್ಕಳಿಂದಲೇ ಹೇಳಿಸಿ. ಕೇಳುವವರು ಇದ್ದಾರೆ ಅಂತ ಗೊತ್ತಾದರೆ ನಾವು ತಿದ್ದು ತಿದ್ದು ಅನ್ನುವುದೇ ಬೇಡ, ಹತ್ತು ಸಲ ತಾವೇ ತಿದ್ದುತ್ತಾರೆ.

ಅಂಕ, ಸ್ಟಾರ್, ಲೀಡರ್‌ಬೋರ್ಡ್ ಬಗ್ಗೆ

ಇಲ್ಲಿ ಎಚ್ಚರ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಅಮೆರಿಕದ ನರ್ಸರಿ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಬಣ್ಣದ ಪೆನ್ನಿನಲ್ಲಿ ಚಿತ್ರ ಬಿಡಿಸುವುದು ಮೊದಲೇ ಇಷ್ಟವಿದ್ದ ಮಕ್ಕಳು ಅವರು. ಒಂದು ಗುಂಪಿಗೆ "ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ" ಅಂದರು, ಕೊಟ್ಟರು. ಕೆಲವು ದಿನ ಬಿಟ್ಟು ನೋಡಿದರೆ, ಸರ್ಟಿಫಿಕೇಟ್ ಆಸೆಗೆ ಬಿಡಿಸಿದ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಆ ಪೆನ್ನು ಮುಟ್ಟಿದರು.

ನಾನು ಒಂದು ತಿಂಗಳು ಕಾರ್ಡಿನ ಅಂಕ ಕೂಡಿಸಿ ಗೋಡೆಗೆ ಪಟ್ಟಿ ಅಂಟಿಸಿದ್ದೆ. ಮೇಲಿನ ಐವರು ಪ್ರತಿ ದಿನ ನೋಡುತ್ತಿದ್ದರು. ಕೆಳಗಿನ ಹತ್ತು ಜನ ಕಾರ್ಡ್ ತರುವುದನ್ನೇ ಮರೆಯಲು ಶುರು ಮಾಡಿದರು. ಪಟ್ಟಿ ತೆಗೆದೆ. ಈಗ ಪ್ರತಿಯೊಬ್ಬರೂ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ತಮ್ಮದೇ ಒಂದು ಸಾಲು ಬರೆದುಕೊಳ್ಳುತ್ತಾರೆ: ಇವತ್ತು ಯಾವ ಉತ್ತರ ಬದಲಿಸಿದೆ, ಯಾರ ಮಾತಿಗೆ ಬದಲಿಸಿದೆ. ಅಂಕ ಇಲ್ಲ. ಕಹೂಟ್‌ನಂಥ ಆನ್‌ಲೈನ್ ಕ್ವಿಜ್ ಆಟ ಮಜವಾಗಿರುತ್ತದೆ ನಿಜ, ತಿಂಗಳಿಗೊಮ್ಮೆ ಆಡಿಸಿ. ಆದರೆ ಬೇಗ ಒತ್ತಿದವರಿಗೆ ಜಾಸ್ತಿ ಅಂಕ ಅನ್ನುವಲ್ಲಿ ಯೋಚಿಸುವ ಮಗು ಯಾವಾಗಲೂ ಸೋಲುತ್ತದೆ.

ಮಕ್ಕಳ ವಿವರ, ಮನೆಯ ಫೋನು

ರೋಲ್ ನಂಬರ್ ಯಾಕೆ ಅಂದರೆ, ಹೊರಗಿನ ಕಂಪನಿಯ ಸರ್ವರಿಗೆ ಮಗುವಿನ ಹೆಸರು, ಅದು ಮಾಡಿದ ತಪ್ಪುಗಳ ಪಟ್ಟಿ ಹೋಗಿ ಕೂರುವುದು ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಫೋಟೋ, ವಿಡಿಯೋ ಹಾಕುವ ಮೊದಲು ಮನೆಯವರನ್ನು ಕೇಳಿ. ಪೋಷಕರ ವಾಟ್ಸಾಪ್ ಗುಂಪಿಗೆ ಅಂಕಪಟ್ಟಿ ಹಾಕುವುದನ್ನಂತೂ ದಯವಿಟ್ಟು ನಿಲ್ಲಿಸಿ.

ಮನೆಯಲ್ಲಿ ಫೋನ್ ಇದ್ದರೆ ಮಾತ್ರ ಮಾಡಬಹುದಾದ ಹೋಮ್‌ವರ್ಕ್ ಕೊಡಬೇಡಿ. 2020ರಲ್ಲಿ ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ನೋಡಿದ್ದೇವಲ್ಲ, ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ, ಅಪ್ಪ ಬರುವುದು ರಾತ್ರಿ ಎಂಟಕ್ಕೆ. ಅಜ್ಜಿಯ ರೆಕಾರ್ಡಿಂಗಿಗೆ ಫೋನ್ ಇಲ್ಲದವರು ಶನಿವಾರ ಅಜ್ಜಿಯನ್ನೇ ಶಾಲೆಗೆ ಕರೆತಂದರು. ಒಟ್ಟು ಮೂವರು ಬಂದರು. ಅವತ್ತು ಯಾವ ಯಂತ್ರವನ್ನೂ ಆನ್ ಮಾಡಲಿಲ್ಲ.

ಎಲ್ಲಿಂದ ಶುರು, ಎಷ್ಟು ದಿನಕ್ಕೆ

ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ಮೊದಲ ವಾರ ಕಾರ್ಡ್ ಅಂಟಿಸುವುದು ಮತ್ತು ಒಂದು ತಮಾಷೆ ಪ್ರಶ್ನೆ. ಮುದ್ದೆನಾ, ರೊಟ್ಟಿನಾ, ಅನ್ನನಾ, ಚಪಾತಿನಾ? ಕಾರ್ಡ್ ತಿರುಗಿಸುವುದು ರೂಢಿಯಾಗಲಿ ಅಷ್ಟೇ. ಎರಡನೇ ವಾರದಿಂದ ದಿನಕ್ಕೆ ಒಂದೇ ಪ್ರಶ್ನೆ. ಒಂದು ತಿಂಗಳು ಇದೇ ಸಾಕು. ಆಮೇಲೆ ಸಿಮ್ಯುಲೇಶನ್ ಒಂದು, ಮೈದಾನದ ಪ್ರಯೋಗ ಒಂದು.

ಕೆಲಸ ಆಗುತ್ತಿದೆಯಾ ಅಂತ ತಿಳಿಯಲು ದೊಡ್ಡ ಸಮೀಕ್ಷೆ ಬೇಡ. ನಿಮ್ಮ ಡೈರಿಯಲ್ಲಿ ದಿನಕ್ಕೆ ಎರಡು ಸಂಖ್ಯೆ ಬರೆಯಿರಿ. ನಾನು ಕೇಳದೆಯೇ ಮಕ್ಕಳು ಕೇಳಿದ ಪ್ರಶ್ನೆ ಎಷ್ಟು, ಎತ್ತದೇ ಉಳಿದ ಕಾರ್ಡ್ ಎಷ್ಟು. ಮೊದಲನೆಯದು ಏರುತ್ತಾ ಎರಡನೆಯದು ಇಳಿಯುತ್ತಾ ಇದ್ದರೆ ಹಾಗೇ ಮುಂದುವರಿಸಿ. ಕಾರ್ಡ್ ಎತ್ತದ ಮಗು ಯಾವುದು ಅಂತ ಆ್ಯಪೇ ತೋರಿಸುತ್ತದೆ, ಬೈಯಬೇಡಿ, ಬಿಸಿಯೂಟದ ಹೊತ್ತಿಗೆ ಪಕ್ಕದಲ್ಲಿ ಕೂತು ಮಾತಾಡಿಸಿ. ಒಬ್ಬ ಹುಡುಗ ವಾರಗಟ್ಟಲೆ ಎತ್ತಲಿಲ್ಲ. ಕೇಳಿದರೆ, ಅವನಿಗೆ ಬೋರ್ಡೇ ಕಾಣುತ್ತಿರಲಿಲ್ಲ. ಈಗ ಕನ್ನಡಕ ಇದೆ, ಮುಂದಿನ ಬೆಂಚಿನಲ್ಲಿದ್ದಾನೆ.

ಮತ್ತೆ, ಕಾರ್ಡ್ ಕಳೆಯುತ್ತವೆ. ಮಳೆಯಲ್ಲಿ ನೆನೆಯುತ್ತವೆ, ತಮ್ಮ ಹರಿಯುತ್ತಾನೆ, ಒಂದನ್ನು ಮೇಕೆ ತಿಂದಿತು ಅಂತಲೂ ಹೇಳಿದರು, ನಾನು ನಂಬಿದೆ. ನನ್ನ ಕ್ಲಾಸಿನಲ್ಲಿ 37 ಮಕ್ಕಳು, ಹಾಗಾಗಿ 38, 39, 40 ಯಾವಾಗಲೂ ನನ್ನ ಬ್ಯಾಗಿನಲ್ಲಿರುತ್ತವೆ. ಅವತ್ತಿನ ಮಟ್ಟಿಗೆ ಯಾರಿಗೆ ಯಾವುದು ಕೊಟ್ಟೆ ಅಂತ ಅಂಗೈ ಮೇಲೆ ಬರೆದುಕೊಳ್ಳುತ್ತೇನೆ.